ಮಾಂಸದ ಕೋಳಿಗೆ ಪ್ರೋಬಯಾಟಿಕ್ ಪೂರಕ: ಆಹಾರದೊಡನೆ ನೀರಿನ ವಿಚಾರ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಮನುಷ್ಯರ ತೀವ್ರ ಸೋಂಕುಗಳಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಪ್ರತಿಜೈವಿಕವನ್ನು ಕೋಳಿಗಳಿಗೂ ಆಹಾರಕ್ಕಾಗಿ ಸಾಕುವ ಇತರ ಪ್ರಾಣಿಗಳಿಗೂ ಬಳಸುವುದಕ್ಕಾಗಿ ತಯಾರಿಸುವುದನ್ನು, ಮಾರುವುದನ್ನು ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ನಿಷೇಧಿಸಿತು. ಬೆಳವಣಿಗೆಗಾಗಿ ಪ್ರತಿಜೈವಿಕ ಬೆರೆಸುವ ರೂಢಿಗೆ ಬದಲಾಗಿ ಇಂದು ಸೂಚಿತವಾಗುತ್ತಿರುವ ಪೂರಕಗಳಲ್ಲಿ ಪ್ರೋಬಯಾಟಿಕ್ ಮುಖ್ಯವಾದುದು. ಲ್ಯಾಕ್ಟೋಬ್ಯಾಸಿಲಸ್, ಬ್ಯಾಸಿಲಸ್ ಸಬ್ಟಿಲಿಸ್, ಯೀಸ್ಟ್ ಮೊದಲಾದ ಜೀವಂತ ಸೂಕ್ಷ್ಮಾಣುಗಳೇ ಅದರ ತಿರುಳು.

ಹೇಂಟೆಯೊಡನೆ ಬೆಳೆಯುವ ಮರಿಗೆ ತಾಯಿಯ ಸಂಗದಿಂದಲೇ ಹಿತಕಾರಿ ಸೂಕ್ಷ್ಮಾಣುಗಳು ದೊರೆಯುತ್ತವೆ. ಯಂತ್ರದಲ್ಲಿ ಒಡೆದ ಮರಿಗೆ ಆ ಭಾಗ್ಯವಿಲ್ಲ. ಬೆಳೆದ ಕೋಳಿಯ ಕರುಳಿನ ಅಂಶವನ್ನು ಎಳೆಯ ಮರಿಗಳಿಗೆ ಕುಡಿಸಿದರೆ ಸಾಲ್ಮೊನೆಲ್ಲಾ ನೆಲೆಯೂರಲಾರದೆಂಬುದನ್ನು ಫಿನ್ಲೆಂಡಿನ ನೂರ್ಮಿ ಮತ್ತು ರಂತಾಲ 1973ರಲ್ಲಿ ತೋರಿಸಿದರು. ಒಳ್ಳೆಯವು ಮೊದಲೇ ಜಾಗ ಹಿಡಿದರೆ ಕೆಟ್ಟವಕ್ಕೆ ಎಡೆಯಿಲ್ಲ.

ಮಾಂಸದ ಲಾಭವು ತೂಕಕ್ಕಿಂತಲೂ ಆಹಾರದ ಉಳಿತಾಯದಲ್ಲಿ ಕಾಣುವುದುಂಟು. ಉದಾಹರಣೆಗೆ, 2 ಕೆ.ಜಿ. ತೂಗುವ ಕೋಳಿಯೊಂದು 3.4 ಕೆ.ಜಿ.ಗೆ ಬದಲಾಗಿ 3.3 ಕೆ.ಜಿ. ಆಹಾರ ತಿಂದರೆ, ಸಾವಿರ ಕೋಳಿಗಳಿಗೆ 100 ಕೆ.ಜಿ. ಉಳಿಯುತ್ತದೆ. ಆದರೆ ಫಲಿತಾಂಶ ಎಲ್ಲೆಡೆ ಒಂದೇ ಅಲ್ಲ. ಶುಚಿಯಾದ, ರೋಗವಿಲ್ಲದ ಶೆಡ್ಡಿನಲ್ಲಿ ವ್ಯತ್ಯಾಸವೇ ಕಾಣದಿರಬಹುದು. ಒದ್ದೆಯಾದ ಹಾಸಿಗೂ ಬೂಸ್ಟು ಹಿಡಿದ ಮುಸುಕಿನ ಜೋಳಕ್ಕೂ ಇದು ಪರಿಹಾರವಲ್ಲ.

ಪಂಚಾಯಿತಿಗೆ ನೇರವಾಗಿ ಸಂಬಂಧಿಸಿದ ಸಂಗತಿ ಮತ್ತೊಂದಿದೆ. ಪೂರಕವನ್ನು ಹಲವರು ಕುಡಿಯುವ ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಈ ಸೂಕ್ಷ್ಮಾಣುಗಳ ಜೀವಬಲ ಕುಂದುತ್ತದೆ. ಕೊಟ್ಟ ಹಣ ನೀರುಪಾಲು! ಹಾಗೆಂದು ಊರಿನ ನೀರಿಗೆ ಕ್ಲೋರಿನ್ ಕಡಿಮೆ ಮಾಡಕೂಡದು. ರಾಣಿಖೇತ್ ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನ ಕ್ಲೋರಿನ್ ಇಲ್ಲದ ನೀರನ್ನು ಬಳಸುವ ಪದ್ಧತಿ ಸಾಕುವವರಿಗೆ ತಿಳಿದದ್ದೇ. ಅದೇ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಪ್ರತಿಜೈವಿಕವನ್ನು ಜೊತೆಯಲ್ಲೇ ಕೊಟ್ಟರೂ ಪೂರಕ ವ್ಯರ್ಥವಾಗುವ ಸಂಭವ ಹೆಚ್ಚು.

ಕರಾರಿನ ಮೇಲೆ ಸಾಕುವವರಿಗೆ ಮರಿ, ಆಹಾರ, ಔಷಧ ಮೂರೂ ಕಂಪನಿಯಿಂದಲೇ ಬರುತ್ತವೆ. ಆಹಾರದಲ್ಲಿ ಏನು ಬೆರೆತಿದೆಯೆಂದು ಕೇಳಿ ತಿಳಿಯದೆ ಅಂಥವರು ಮತ್ತೊಂದು ಪೂರಕ ಕೊಳ್ಳುವುದು ದಂಡ. ಸ್ವಂತವಾಗಿ ಸಾಕುವವರು ಪೊಟ್ಟಣದ ಮೇಲೆ ಸೂಕ್ಷ್ಮಾಣುವಿನ ಹೆಸರು, ಪ್ರತಿ ಗ್ರಾಂಗೆ ಜೀವಂತ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇವನ್ನು ನೋಡಿ, ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯಾಧಿಕಾರಿಗಳ ಸಲಹೆ ಪಡೆದು, ಮೊದಲು ಒಂದು ತಂಡದ ಅರ್ಧ ಮರಿಗಳಿಗಷ್ಟೇ ಕೊಟ್ಟು, ಎರಡೂ ಭಾಗಗಳ ಆಹಾರ, ತೂಕ ಮತ್ತು ಸಾವಿನ ಲೆಕ್ಕವನ್ನು ಬೇರೆ ಬೇರೆಯಾಗಿ ಬರೆದಿಡುವುದು ಯುಕ್ತ.