ಕಾಣದ ವಿಕಲತೆ ಮತ್ತು ಒಂಟಿ ವಿಮಾನಯಾನ

೧೯೫೧ನೆಯ ಇಸವಿ ಡಿಸೆಂಬರ್ ೨೫ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಜ್ಪೆಯ ಗುಡ್ಡದ ಮೇಲೆ ಬಂದಿಳಿದು ಮಂಗಳೂರಿನ ವಿಮಾನ ನಿಲ್ದಾಣವನ್ನು ಆರಂಭಿಸಿದಾಗ, ಈ ಜಿಲ್ಲೆಯ ಬಹುಪಾಲು ಜನರಿಗೆ ವಿಮಾನವೆಂಬುದು ದೂರದಿಂದ ನೋಡಿ ಬೆರಗಾಗುವ ವಸ್ತುವಾಗಿತ್ತು. ಇಂದು ಆ ಸ್ಥಿತಿ ಉಳಿದಿಲ್ಲ. ೨೦೦೬ರಲ್ಲಿ ಇಲ್ಲಿಂದ ದುಬೈಗೆ ನೇರ ವಿಮಾನ ಹೊರಟಿತು. ೨೦೧೦ರಲ್ಲಿ ಕೆಂಜಾರಿನ ಕಡೆಯ ಹೊಸ ನಿಲ್ದಾಣ ಕಟ್ಟಡ ತೆರೆಯಿತು. ಕೊಲ್ಲಿಯ ನಾಡಿನಲ್ಲಿ ದುಡಿಯುವ ಮಗ, ಮುಂಬಯಿಯಲ್ಲಿ ನೆಲೆಸಿದ ಅಣ್ಣ, ಬೆಂಗಳೂರಿನಲ್ಲಿ ಸಂಸಾರ ಹೂಡಿದ ಅಕ್ಕ ಇಲ್ಲದ ಮನೆ ಕರಾವಳಿಯಲ್ಲಿ ವಿರಳ. ಹಬ್ಬಕ್ಕೆ, ಮದುವೆಗೆ, ಬಾಣಂತನಕ್ಕೆ ವಿಮಾನ ಹತ್ತುವುದು ಸಾಮಾನ್ಯ ವ್ಯವಹಾರವಾಗಿದೆ.

ಆದರೆ ಇಂಥ ಮನೆಗಳಲ್ಲಿ ಕೆಲವೆಡೆ ಒಬ್ಬರು ಮಾತ್ರ ಹಿಂದೆಯೇ ಉಳಿಯುತ್ತಾರೆ. ಅವರು ಕೈಕಾಲು ಗಟ್ಟಿಯಾಗಿರುವ, ಹೇಳಿದ ಕೆಲಸವನ್ನು ನಿಷ್ಠೆಯಿಂದ ಮಾಡುವ, ಆದರೆ ಹೊಸದನ್ನು ತಿಳಿದುಕೊಳ್ಳಲು ಹೆಚ್ಚು ಸಮಯ ಬೇಕಾಗುವ ಯುವಕರಿರಬಹುದು. ಅಥವಾ ನೆನಪು ಮಾಸತೊಡಗಿದ ವೃದ್ಧ ತಾಯಿಯಿರಬಹುದು. ‘ಕರೆದುಕೊಂಡು ಹೋಗುವವರು ಯಾರು?’ ಎಂಬ ಒಂದು ಪ್ರಶ್ನೆಗೆ ಉತ್ತರ ದೊರೆಯದೆ ಅವರ ಪ್ರಯಾಣ ನಿಲ್ಲುತ್ತದೆ. ಅವರಲ್ಲಿ ಎಷ್ಟೋ ಮಂದಿ ತಕ್ಕ ನೆರವಿದ್ದಲ್ಲಿ ಒಂಟಿಯಾಗಿಯೇ ಹೋಗಿಬರಬಲ್ಲರು. ಆ ನೆರವು ಯಾವುದು, ಅದನ್ನು ಪಡೆಯುವ ಬಗೆ ಹೇಗೆ, ಅದರಲ್ಲಿ ಶಾಲೆಯ ಪಾಲೇನು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ವಿಷಯದ ವ್ಯಾಪ್ತಿ

ಹಿಂದಿನ ಬರವಣಿಗೆಗಳಲ್ಲಿ ‘ಬುದ್ಧಿಮಾಂದ್ಯ’ ಎಂಬ ಒಂದೇ ಮಾತಿನಿಂದ ಅನೇಕ ಸ್ಥಿತಿಗಳನ್ನು ಗುರುತಿಸುತ್ತಿದ್ದರು. ಆ ಮಾತು ಇಂದು ಸಲ್ಲದು. ಅದು ನಿಖರವೂ ಅಲ್ಲ, ಗೌರವದ್ದೂ ಅಲ್ಲ. ೧೯೯೫ರ ಕೇಂದ್ರ ಕಾಯಿದೆಯು ಏಳು ಬಗೆಯ ವಿಕಲತೆಗಳನ್ನು ಹೆಸರಿಸಿತ್ತು. ಅದರ ಸ್ಥಾನದಲ್ಲಿ ಬಂದ ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ೨೧ ಬಗೆಗಳನ್ನು ಹೆಸರಿಸಿದ್ದು, ಬೌದ್ಧಿಕ ವಿಕಲತೆ, ಆಟಿಸಂ, ಕಲಿಕೆಯ ನಿರ್ದಿಷ್ಟ ತೊಡಕು ಮೊದಲಾದವು ಅದರಲ್ಲಿ ಸೇರಿವೆ. ಇವುಗಳೊಡನೆ ಮುಪ್ಪಿನ ಮರೆಗುಳಿತನ, ಅಪಘಾತದಲ್ಲಿ ಮಿದುಳಿಗೆ ಪೆಟ್ಟಾದುದರ ಪರಿಣಾಮ ಇವನ್ನೂ ನಮ್ಮ ವಿಚಾರಕ್ಕೆ ಸೇರಿಸಿಕೊಳ್ಳಬಹುದು. ಇವೆಲ್ಲಕ್ಕೂ ಸಮಾನವಾದ ಒಂದು ಲಕ್ಷಣವುಂಟು: ಇವು ಬಹುಮಟ್ಟಿಗೆ ಕಣ್ಣಿಗೆ ಕಾಣುವುದಿಲ್ಲ. ಕುರುಡನ ಕೈಯ ಕೋಲನ್ನು ಕಂಡು ಜನ ದಾರಿ ಬಿಡುತ್ತಾರೆ. ಸರದಿಯ ಸಾಲಿನಲ್ಲಿ ಕಿವಿ ಮುಚ್ಚಿಕೊಂಡು ನಿಂತ ಇಪ್ಪತ್ತೈದು ವರ್ಷದ ಯುವಕನನ್ನು ಕಂಡರೆ ಜನ ದಾರಿ ಬಿಡುವುದಿಲ್ಲ, ಸಂಶಯಪಡುತ್ತಾರೆ. ಕಾಣದ ವಿಕಲತೆಯುಳ್ಳವನು ಎದುರಿಸುವ ಮೊದಲ ಕಷ್ಟ ಇದು.

೨. ತೊಡಕು ಎಲ್ಲಿ ಆರಂಭವಾಗುತ್ತದೆ?

ಒಂಟಿ ಪ್ರಯಾಣದ ಕಷ್ಟವೆಲ್ಲ ವಿಮಾನದೊಳಗೆ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಆಸನದಲ್ಲಿ ಕುಳಿತು ಪಟ್ಟಿ ಬಿಗಿದ ಮೇಲೆ ಪ್ರಯಾಣಿಕನು ನಿರ್ಧರಿಸಬೇಕಾದುದು ಬಹಳ ಕಡಿಮೆ. ನಿಜವಾದ ತೊಡಕು ನಿಲ್ದಾಣದ ಬಾಗಿಲಲ್ಲಿದೆ. ನಮ್ಮ ದೇಶದಲ್ಲಿ ಬಾಗಿಲಲ್ಲಿಯೇ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ಪರಿಶೀಲಿಸಿ ಒಳಗೆ ಬಿಡುವುದು ರೂಢಿ. ಬೀಳ್ಕೊಡಲು ಬಂದವರು ಸಾಮಾನ್ಯವಾಗಿ ಅಲ್ಲಿಯೇ ನಿಲ್ಲುತ್ತಾರೆ. ಆದಕಾರಣ ಒಂಟಿತನ ಆರಂಭವಾಗುವುದು ಆಕಾಶದಲ್ಲಲ್ಲ, ಆ ಹೊಸ್ತಿಲಲ್ಲಿ.

ಅಲ್ಲಿಂದ ಮುಂದೆ ಕೌಂಟರನ್ನು ಹುಡುಕಬೇಕು. ಸಾಮಾನು ಒಪ್ಪಿಸಿ ಬೋರ್ಡಿಂಗ್ ಪಾಸ್ ಪಡೆಯಬೇಕು. ಭದ್ರತಾ ತಪಾಸಣೆಯಲ್ಲಿ ಕೈಚೀಲ, ಮೊಬೈಲು, ಸೊಂಟದ ಪಟ್ಟಿಗಳನ್ನು ತಟ್ಟೆಯಲ್ಲಿರಿಸಿ ಕೈಗಳನ್ನು ಅಗಲಿಸಿ ನಿಲ್ಲಬೇಕು. ಅಪರಿಚಿತರ ಸ್ಪರ್ಶವನ್ನು ಸಹಿಸಲಾರದ ಆಟಿಸಂ ಉಳ್ಳವನಿಗೆ ಈ ಒಂದು ಕ್ಷಣವೇ ಇಡೀ ಪ್ರಯಾಣದ ಅಗ್ನಿಪರೀಕ್ಷೆ. ಅವನು ಹಿಂದೆ ಸರಿದರೆ ಅದು ಅವಿಧೇಯತೆಯಾಗಿ ಕಾಣುತ್ತದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡಿ ಬೆಳೆದವನಿಗೆ ತಪಾಸಣೆಯ ಸಿಬ್ಬಂದಿಯ ಹಿಂದಿಯ ಸೂಚನೆ ಅರ್ಥವಾಗದಿದ್ದರೆ ಕಷ್ಟ ಇಮ್ಮಡಿಯಾಗುತ್ತದೆ. ಅವನು ಉತ್ತರಿಸದಿರುವುದಕ್ಕೆ ಕಾರಣ ಭಾಷೆಯೋ ವಿಕಲತೆಯೋ ಗಾಬರಿಯೋ ಎಂಬುದನ್ನು ಕೇಳುವವರು ತಿಳಿಯುವ ಬಗೆಯೆಂತು?

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಗದ್ದಲ ತಗ್ಗಿಸುವ ಸದುದ್ದೇಶದಿಂದ ದೇಶದ ಕೆಲವು ದೊಡ್ಡ ನಿಲ್ದಾಣಗಳು ಧ್ವನಿವರ್ಧಕದ ಕರೆಗಳನ್ನು ಮಿತಗೊಳಿಸಿವೆ. ಶಬ್ದಕ್ಕೆ ಬೆದರುವವರಿಗೆ ಇದು ನೆಮ್ಮದಿ. ಆದರೆ ಫಲಕವನ್ನು ಓದಿ ಅರ್ಥಮಾಡಿಕೊಳ್ಳಲಾರದವನು ತನ್ನ ವಿಮಾನ ಹೊರಟುದನ್ನೇ ತಿಳಿಯದೆ ಕುಳಿತಿರಬಹುದು. ಒಬ್ಬನಿಗೆ ಉಪಕಾರವಾದುದು ಮತ್ತೊಬ್ಬನಿಗೆ ಅಡ್ಡಿಯಾಗುವುದರಿಂದ, ಎಲ್ಲರಿಗೂ ಒಂದೇ ಏರ್ಪಾಡು ಸಾಲದು. ಪ್ರತಿಯೊಬ್ಬನ ಅಗತ್ಯವನ್ನು ಕೇಳಿ ತಿಳಿಯಬೇಕು.

೩. ನಿಯಮಗಳು ಏನು ಹೇಳುತ್ತವೆ?

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದರ ನಿಯಮದಂತೆ ವಿಕಲತೆಯುಳ್ಳ ಪ್ರಯಾಣಿಕನು ತನಗೆ ಬೇಕಾದ ನೆರವನ್ನು ಟಿಕೆಟ್ ಕೊಳ್ಳುವಾಗಲೇ, ಅಥವಾ ಪ್ರಯಾಣಕ್ಕೆ ಕನಿಷ್ಠ ೪೮ ಗಂಟೆ ಮೊದಲು, ವಿಮಾನ ಸಂಸ್ಥೆಗೆ ತಿಳಿಸಬೇಕು. ನಿಲ್ದಾಣದ ಕಟ್ಟಡದಿಂದ ವಿಮಾನದವರೆಗೆ, ಇಳಿದ ಮೇಲೆ ವಿಮಾನದಿಂದ ಹೊರಬಾಗಿಲಿನವರೆಗೆ ನೆರವಾಗುವುದು ಆ ಸಂಸ್ಥೆಯ ಹೊಣೆ. ಅದಕ್ಕಾಗಿ ಹೆಚ್ಚಿನ ಹಣ ಕೇಳುವಂತಿಲ್ಲ. ಸಿಬ್ಬಂದಿಗೆ ಈ ಬಗ್ಗೆ ತರಬೇತಿ ಕೊಡಬೇಕೆಂಬುದೂ ನಿಯಮದಲ್ಲಿದೆ.

ನಿಯಮವಿದ್ದೂ ಅವಮಾನ ತಪ್ಪಿಲ್ಲವೆಂಬುದಕ್ಕೆ ಎರಡು ಪ್ರಸಂಗಗಳು ಸಾಕ್ಷಿ. ೨೦೧೨ರ ಫೆಬ್ರವರಿಯಲ್ಲಿ, ಸೆರೆಬ್ರಲ್ ಪಾಲ್ಸಿ ಉಳ್ಳ ಜೀಜಾ ಘೋಷ್ ಅವರು ವಿಕಲಚೇತನರನ್ನು ಕುರಿತ ಸಮ್ಮೇಳನವೊಂದಕ್ಕಾಗಿ ಕೋಲ್ಕತ್ತದಿಂದ ಗೋವೆಗೆ ಒಂಟಿಯಾಗಿ ಹೊರಟಿದ್ದರು. ಆಸನದಲ್ಲಿ ಕುಳಿತಿದ್ದ ಅವರನ್ನು ವಿಮಾನದಿಂದ ಇಳಿಸಲಾಯಿತು. ಅವರದು ಬುದ್ಧಿಯ ತೊಡಕಲ್ಲ, ದೇಹದ ಚಲನೆಯ ತೊಡಕು. ಆದರೂ ನೋಡಿದವರು ನೋಟದಿಂದಲೇ ತೀರ್ಮಾನಿಸಿದರು. ೨೦೧೬ರ ಮೇ ೧೨ರಂದು ಸರ್ವೋಚ್ಚ ನ್ಯಾಯಾಲಯವು ಅವರಿಗೆ ೧೦ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಎರಡನೆಯದು ೨೦೨೨ರ ಮೇ ತಿಂಗಳಲ್ಲಿ ರಾಂಚಿಯಲ್ಲಿ ನಡೆದುದು. ವಿಕಲತೆಯುಳ್ಳ ಬಾಲಕನೊಬ್ಬನು ಗಾಬರಿಗೊಂಡಿದ್ದಾನೆಂಬ ಕಾರಣದಿಂದ, ತಂದೆತಾಯಿ ಜೊತೆಯಲ್ಲಿದ್ದರೂ, ವಿಮಾನ ಹತ್ತಗೊಡಲಿಲ್ಲ. ಮಹಾನಿರ್ದೇಶನಾಲಯವು ಆ ಸಂಸ್ಥೆಗೆ ೫ ಲಕ್ಷ ರೂಪಾಯಿ ದಂಡ ವಿಧಿಸಿತು; ಅದೇ ವರ್ಷದ ಜುಲೈಯಲ್ಲಿ ನಿಯಮವನ್ನೂ ಬಿಗಿಗೊಳಿಸಿತು. ವಿಕಲತೆಯ ಕಾರಣದಿಂದಲೇ ಯಾರನ್ನೂ ನಿರಾಕರಿಸಕೂಡದು. ಪ್ರಯಾಣದಲ್ಲಿ ಆರೋಗ್ಯ ಕೆಡಬಹುದೆಂದು ತೋರಿದರೆ ನಿಲ್ದಾಣದ ವೈದ್ಯರು ಪ್ರಯಾಣಿಕನನ್ನು ಪ್ರತ್ಯಕ್ಷ ಪರೀಕ್ಷಿಸಿ ಅಭಿಪ್ರಾಯ ಕೊಡಬೇಕು. ಆ ಬಳಿಕವೇ ನಿರ್ಧಾರ. ಕೌಂಟರಿನ ನೌಕರನ ಊಹೆಗೆ ಇದರಿಂದ ಒಂದು ಕಡಿವಾಣ ಬಿದ್ದಂತಾಯಿತು.

ಎಲ್ಲರೂ ಒಂಟಿಯಾಗಿ ಹಾರಬಲ್ಲರೆಂದು ಇದರ ಅರ್ಥವಲ್ಲ. ಅಮೆರಿಕದಲ್ಲಿ ೧೯೮೬ರ ಕಾಯಿದೆಯ ಅಡಿಯ ನಿಯಮಗಳು ಈ ಎಲ್ಲೆಯನ್ನು ಸ್ಪಷ್ಟವಾಗಿ ಹೇಳುತ್ತವೆ: ಸುರಕ್ಷತೆಯ ಸೂಚನೆಯನ್ನು ಗ್ರಹಿಸಿ ಅದರಂತೆ ನಡೆಯಲಾರದವರಿಗೆ ಜೊತೆಗಾರನಿರಬೇಕೆಂದು ವಿಮಾನ ಸಂಸ್ಥೆ ಕೇಳಬಹುದು, ಆದರೆ ತಾನು ಒಂಟಿಯಾಗಿ ಹೋಗಬಲ್ಲೆನೆಂದು ಪ್ರಯಾಣಿಕನು ಹೇಳಿದ ಮೇಲೂ ಜೊತೆಗಾರನು ಬೇಕೆಂದರೆ, ಆ ಜೊತೆಗಾರನ ದರವನ್ನು ಸಂಸ್ಥೆ ವಸೂಲು ಮಾಡುವಂತಿಲ್ಲ. ಬಾಗಿಲು ಬಡಿದಾಗ ತಿರುಗಿ ನೋಡುವನೇ, ಹೇಳಿದೊಡನೆ ಎದ್ದು ಬರುವನೇ ಎಂಬುದನ್ನು ಮನೆಯವರೂ ಪ್ರಾಮಾಣಿಕವಾಗಿ ಪರಿಶೀಲಿಸಿಕೊಳ್ಳಬೇಕು.

೪. ಗಾಲಿಕುರ್ಚಿಯೊಂದೇ ಉತ್ತರವೇ?

ನೆರವು ಕೇಳುವಾಗ ನಮ್ಮ ಜನ ಸಾಮಾನ್ಯವಾಗಿ ಮಾಡುವ ಒಂದು ತಪ್ಪಿದೆ. ಬೇರೆ ದಾರಿ ತಿಳಿಯದೆ, ಚೆನ್ನಾಗಿ ನಡೆಯಬಲ್ಲವನಿಗೂ ಗಾಲಿಕುರ್ಚಿಯನ್ನೇ ಕೇಳುತ್ತಾರೆ. ಕುರ್ಚಿ ಬರುತ್ತದೆ, ನೂಕುವವನು ಅವನನ್ನು ದ್ವಾರದ ಬಳಿ ಬಿಟ್ಟು ಮತ್ತೊಬ್ಬರನ್ನು ಕರೆತರಲು ಹೋಗುತ್ತಾನೆ. ಕುಳಿತವನು ಎದ್ದು ಎಲ್ಲಿಯೋ ಹೊರಟುಬಿಡುತ್ತಾನೆ. ಅವನಿಗೆ ಬೇಕಾಗಿದ್ದುದು ಚಕ್ರವಲ್ಲ, ಜೊತೆಯ ಮನುಷ್ಯ. ಇತ್ತ ನಡೆಯಲಾರದ ಹಿರಿಯರು ಕುರ್ಚಿಗಾಗಿ ಕಾಯುತ್ತಿರುತ್ತಾರೆ.

ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಕೇತಗಳಲ್ಲಿ ಇದಕ್ಕಾಗಿಯೇ ಬೇರೊಂದು ಗುರುತಿದೆ: ‘ಡಿ.ಪಿ.ಎನ್.ಎ.’ ಬೌದ್ಧಿಕ ಅಥವಾ ಬೆಳವಣಿಗೆಯ ವಿಕಲತೆಯುಳ್ಳ, ನೆರವು ಬೇಕಾದ ಪ್ರಯಾಣಿಕನೆಂದು ಅದರ ಅರ್ಥ. ಟಿಕೆಟ್ ಕೊಳ್ಳುವಾಗ ಈ ನಾಲ್ಕು ಅಕ್ಷರಗಳನ್ನು ಹೆಸರಿಸಿ ಕೇಳಬೇಕು. ಸಂಕೇತದ ಜೊತೆಗೆ ವಿವರವೂ ಬೇಕು. ‘ಇವನಿಗೆ ಆಟಿಸಂ ಇದೆ’ ಎಂದು ಬರೆದರೆ ಸಿಬ್ಬಂದಿಗೆ ಏನೂ ತಿಳಿಯದು. ‘ಒಂದು ಸಲಕ್ಕೆ ಒಂದೇ ಸೂಚನೆ ಹೇಳಿರಿ, ಉತ್ತರಕ್ಕೆ ಸ್ವಲ್ಪ ಕಾಯಿರಿ, ಮುಟ್ಟುವ ಮೊದಲು ತಿಳಿಸಿರಿ, ತುಳುವಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ, ದ್ವಾರದ ಬಳಿ ಒಬ್ಬನನ್ನೇ ಬಿಡಬೇಡಿರಿ’ ಎಂದು ಬರೆದರೆ ಯಾರಾದರೂ ನೆರವಾಗಬಲ್ಲರು. ರೋಗದ ಹೆಸರಿಗಿಂತ ಮಾಡಬೇಕಾದ ಕೆಲಸದ ವಿವರವೇ ಹೆಚ್ಚು ಪ್ರಯೋಜನಕರ.

ಹೊರಗಿನಿಂದ ಗುರುತು ಹಿಡಿಯಲು ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣವು ೨೦೧೬ರಲ್ಲಿ ಒಂದು ಸರಳ ಉಪಾಯವನ್ನು ಆರಂಭಿಸಿತು. ಸೂರ್ಯಕಾಂತಿ ಹೂವಿನ ಚಿತ್ರವಿರುವ ಹಸಿರು ಪಟ್ಟಿಯನ್ನು ಬೇಕೆಂದವರು ಕೊರಳಿಗೆ ಧರಿಸಿದರೆ, ಇವರಿಗೆ ಹೆಚ್ಚು ಸಮಯ ಮತ್ತು ತಾಳ್ಮೆ ಬೇಕೆಂದು ಸಿಬ್ಬಂದಿ ಅರಿಯುತ್ತಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಈ ಪದ್ಧತಿಯನ್ನು ಕೈಗೊಂಡಿದೆ. ಪಟ್ಟಿಯನ್ನು ಧರಿಸುವುದು ಬಿಡುವುದು ಪ್ರಯಾಣಿಕನ ಇಚ್ಛೆ. ಅದರ ಅರ್ಥವನ್ನು ತಿಳಿದ ಸಿಬ್ಬಂದಿಯಿಲ್ಲದೆಡೆ ಅದು ಬರಿಯ ಅಲಂಕಾರವೆಂಬುದನ್ನೂ ಮರೆಯಬಾರದು.

೫. ಶಿಕ್ಷಕರು ಮಾಡಬಹುದಾದ ಪಾಠ

ಈಗ ನಮ್ಮ ಪಾಲಿನ ಕರ್ತವ್ಯಕ್ಕೆ ಬರೋಣ. ಮಂಗಳೂರಿಗೆ ವಿಶೇಷ ಶಿಕ್ಷಣ ಹೊಸದಲ್ಲ. ಸಂತ ಆಗ್ನೆಸ್ ವಿಶೇಷ ಶಾಲೆ ೧೯೭೦ರಿಂದ ಈ ಕಾರ್ಯದಲ್ಲಿ ತೊಡಗಿದೆ. ವಿಶೇಷ ಶಾಲೆಯಿರಲಿ, ಸಾಮಾನ್ಯ ಶಾಲೆಯಿರಲಿ, ಪ್ರಯಾಣವನ್ನು ಒಂದು ಪಾಠವಾಗಿ ಕಲಿಸಬಹುದು. ಅಮೆರಿಕದ ಬಾಸ್ಟನ್ ನಿಲ್ದಾಣದಲ್ಲಿ ೨೦೧೧ರಲ್ಲಿ ಆಟಿಸಂ ಉಳ್ಳವರಿಗಾಗಿ ಒಂದು ಅಭ್ಯಾಸ ಕ್ರಮ ಆರಂಭವಾಯಿತು. ಕುಟುಂಬಗಳು ಬಂದು ಪಾಸ್ ಪಡೆದು, ತಪಾಸಣೆಗೆ ನಿಂತು, ವಿಮಾನವನ್ನೇರಿ ಕುಳಿತು, ಹಾರದೆಯೇ ಇಳಿದು ಮನೆಗೆ ಮರಳುತ್ತವೆ. ಭಯಕ್ಕೆ ಮೂಲ ಅಪರಿಚಯ. ಪರಿಚಯವೇ ಅದಕ್ಕೆ ಮದ್ದು.

ಇದರ ಬಹುಭಾಗವನ್ನು ನಿಲ್ದಾಣಕ್ಕೆ ಹೋಗದೆಯೂ ಮಾಡಿಸಬಹುದು. ಶಾಲೆಯ ಜಗಲಿಯಲ್ಲಿ ಮೇಜು ಹಾಕಿ, ತಟ್ಟೆಯಲ್ಲಿ ಚೀಲ ಮತ್ತು ಸೊಂಟದ ಪಟ್ಟಿಯನ್ನಿರಿಸಿ ಕೈ ಅಗಲಿಸಿ ನಿಲ್ಲುವುದನ್ನು ಆಟದಂತೆ ಕಲಿಸಬಹುದು. ಗುರುತಿನ ಚೀಟಿಯನ್ನು ತೋರಿಸಿ ಮರಳಿ ಅದೇ ಜೇಬಿನಲ್ಲಿರಿಸುವುದನ್ನು ನಿತ್ಯದ ಅಭ್ಯಾಸವಾಗಿಸಬಹುದು. ಬಿಜೈ ಬಸ್ ನಿಲ್ದಾಣದಲ್ಲಿ ಸರದಿ ನಿಲ್ಲುವುದನ್ನು, ಸಮವಸ್ತ್ರ ಧರಿಸಿದವರನ್ನು ಗುರುತಿಸಿ ‘ನನಗೆ ಸಹಾಯ ಬೇಕು’ ಎಂದು ಕೇಳುವುದನ್ನು ಕಲಿಸಬಹುದು. ಕೊನೆಯ ಈ ಒಂದು ವಾಕ್ಯ ಎಲ್ಲ ಪಾಠಗಳಿಗಿಂತ ಮುಖ್ಯ. ಮಾತು ಬಾರದವನು ಅದೇ ವಾಕ್ಯ ಬರೆದ ಚೀಟಿಯನ್ನು ತೋರಿಸಲಿ.

ನಮ್ಮ ಊರಿಗೆ ವಿಶೇಷವಾದ ಒಂದು ಎಚ್ಚರಿಕೆಯೂ ಅಗತ್ಯ. ಬಜ್ಪೆಯ ಓಡುದಾರಿ ಗುಡ್ಡದ ತುದಿಯಲ್ಲಿದೆ. ಮಳೆಗಾಲದಲ್ಲಿ ಮೋಡ ಕವಿದು ದಾರಿ ಕಾಣದಾದಾಗ ವಿಮಾನವನ್ನು ಬೆಂಗಳೂರಿಗೋ ಕೇರಳದ ನಿಲ್ದಾಣಕ್ಕೋ ತಿರುಗಿಸುವುದುಂಟು. ಮನೆಗೆ ಬಂದೆನೆಂದು ನಂಬಿದವನು ಬೇರೊಂದು ಊರಿನಲ್ಲಿ ಇಳಿದರೆ ಅವನ ಪಾಡೇನು? ಆದಕಾರಣ ಮೊದಲ ಪ್ರಯಾಣವನ್ನು ಮಳೆಯಿಲ್ಲದ ತಿಂಗಳಲ್ಲಿ, ನಡುವೆ ವಿಮಾನ ಬದಲಿಸಬೇಕಿಲ್ಲದ ನೇರ ದಾರಿಯಲ್ಲಿ ಇರಿಸಿಕೊಳ್ಳುವುದು ಲೇಸು. ಎರಡು ಕಡೆಯ ಮನೆಯವರ ದೂರವಾಣಿ ಸಂಖ್ಯೆಗಳು ಅವನ ಜೇಬಿನಲ್ಲಿ ಕಾಗದದ ಮೇಲೆ ಇರಬೇಕು. ಮೊಬೈಲಿನ ವಿದ್ಯುತ್ತು ತೀರಿದರೂ ಕಾಗದ ಉಳಿಯುತ್ತದೆ. ‘ವಿಮಾನ ಬೇರೆ ಊರಿಗೆ ಹೋದರೆ ಆಸನದಲ್ಲಿಯೇ ಕುಳಿತಿದ್ದು ಸಿಬ್ಬಂದಿಗೆ ಚೀಟಿ ತೋರಿಸಬೇಕು’ ಎಂಬುದನ್ನೂ ಪಾಠದಲ್ಲಿ ಸೇರಿಸಬೇಕು.

೬. ಉಪಸಂಹಾರ

ಮಹಾಜನರೂ ಹಳೆಯ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಈ ಕಾರ್ಯಕ್ಕೆ ದೊಡ್ಡ ಧನರಾಶಿ ಬೇಕಿಲ್ಲ. ನಿಲ್ದಾಣದ ಒಂದೊಂದು ಹಂತವನ್ನು ಚಿತ್ರಗಳಲ್ಲಿ ತೋರಿಸಿ, ಕನ್ನಡದಲ್ಲಿಯೂ ತುಳುವಿನಲ್ಲಿಯೂ ಸರಳ ವಾಕ್ಯ ಬರೆದ ಒಂದು ಕಿರುಪುಸ್ತಕ. ಅಧಿಕಾರಿಗಳ ಒಪ್ಪಿಗೆ ಪಡೆದು ವರ್ಷಕ್ಕೊಂದು ಅಭ್ಯಾಸದ ದಿನ. ಅಲ್ಲಿಗೆ ಹೋಗಿಬರಲು ಒಂದು ಬಸ್ಸು. ವಿಮಾನ ಸಂಸ್ಥೆಗಳಲ್ಲಿ, ನಿಲ್ದಾಣಗಳಲ್ಲಿ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಅನುಭವವನ್ನು ಇದಕ್ಕೆ ಧಾರೆಯೆರೆಯಬಹುದು.

ನೆರವಾಗುವವರು ಒಂದು ಮಾತನ್ನು ಮಾತ್ರ ನೆನಪಿಡಬೇಕು. ಒಂಟಿಯಾಗಿ ಬಂದ ಮಗುವನ್ನು ಕೈಹಿಡಿದು ನಡೆಸುವ ರೀತಿಯಲ್ಲಿ ಪ್ರಾಯಕ್ಕೆ ಬಂದವನನ್ನು ನಡೆಸಬಾರದು. ಅವನ ಟಿಕೆಟ್ಟು ಅವನ ಕೈಯಲ್ಲಿಯೇ ಇರಲಿ. ಪ್ರಶ್ನೆಯನ್ನು ಪಕ್ಕದವರಿಗಲ್ಲದೆ ಅವನಿಗೇ ಕೇಳಲಿ. ಬಾಗಿಲ ಹೊರಗೆ ನಿಂತ ತಾಯಿ ಕೈಬೀಸಿ ಹಿಂದಿರುಗುವಾಗ, ಒಳಗೆ ತನ್ನ ಮಗನನ್ನು ಹೆಸರು ಹಿಡಿದು ಕರೆಯುವ ಒಬ್ಬರಿದ್ದಾರೆಂಬ ಭರವಸೆ ಆಕೆಗೆ ಇರಬೇಕು. ಆ ಒಬ್ಬರನ್ನು ಸಿದ್ಧಪಡಿಸುವುದು ನಿಲ್ದಾಣದ ಕೆಲಸ. ಆ ಮಗನನ್ನು ಸಿದ್ಧಪಡಿಸುವುದು ಶಾಲೆಯ ಕೆಲಸ.