ಗಾಳಿ ಬೆನ್ನಿಗಿರಲಿ

ಹಾಸನದಿಂದ ಹೊರಟು ಗೊರೂರು, ಅರಕಲಗೂಡು, ಹೊಳೆನರಸೀಪುರ ಮುಟ್ಟಿ, ಸಂಜೆಗೆ ಚನ್ನರಾಯಪಟ್ಟಣದ ಚಿಕ್ಕಮ್ಮನ ಮನೆ ಸೇರುತ್ತೇನೆ, ಅದೂ ಒಬ್ಬಳೇ, ಸೈಕಲ್ಲಿನಲ್ಲಿ ಎಂದು ಮೊಮ್ಮಗಳು ಹೇಳಿದಾಗ ಮನೆಯಲ್ಲಿ ಬೇಡ ಅನ್ನದವನು ನಾನೊಬ್ಬನೇ. ಅರಕಲಗೂಡು ತಾಲ್ಲೂಕಿನ ಹಳ್ಳಿ ಶಾಲೆಗಳಿಗೆ ವರ್ಷಗಟ್ಟಲೆ ಸೈಕಲ್ ತುಳಿದುಕೊಂಡು ಹೋದ ಮೇಷ್ಟ್ರಿಗೆ ಬೇಡ ಅನ್ನುವ ಬಾಯಾದರೂ ಎಲ್ಲಿಂದ ಬರಬೇಕು? ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಟ್ಟೆ.

• ಮೊದಲು ಗಾಳಿ ನೋಡು, ಆಮೇಲೆ ಮ್ಯಾಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿ ಸಕಲೇಶಪುರದ ಘಟ್ಟದ ದಿಕ್ಕಿನಿಂದ, ಅಂದರೆ ಪಡುವಲಿಂದ ಬೀಸುತ್ತೆ. ಆಷಾಢದಲ್ಲಂತೂ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲೂ ಬಿದ್ದುಹೋಗುತ್ತೆ. ಗಾಳಿ ಜೋರಾಗುವ ಮೊದಲೇ ಅರಕಲಗೂಡು ಸೇರಿಬಿಡು. ಅಲ್ಲಿಂದ ಮೂಡಲಿಗೆ ತಿರುಗುತ್ತೀಯ. ಚನ್ನರಾಯಪಟ್ಟಣದವರೆಗೂ ಅದೇ ನಿನ್ನನ್ನು ತಳ್ಳುತ್ತೆ. ಇದು ತಿಳಿಯದ ವಯಸ್ಸಿನಲ್ಲಿ ನಾನು ಉಲ್ಟಾ ಹೊರಟು ಇಳಿಜಾರಿನಲ್ಲೂ ಪೆಡಲ್ ತುಳಿದಿದ್ದೇನೆ. ದೀಪಾವಳಿ ಕಳೆದ ಮೇಲೆ ಹೋಗುವುದಾದರೆ ಗಾಳಿ ಮೂಡಲಿಂದ. ಆಗ ಚನ್ನರಾಯಪಟ್ಟಣದಿಂದ ಶುರು ಮಾಡಿ ಹಾಸನಕ್ಕೆ ಬಾ.

• ಒಟ್ಟು ದಾರಿ ಹತ್ತಿರ ಹತ್ತಿರ 90 ಕಿ.ಮೀ. ಒಂದೇ ದಿನ ಸುತ್ತು ಮುಗಿಸಿ ಹಾಸನಕ್ಕೆ ವಾಪಸ್ ಬರುತ್ತೇನೆ ಅನ್ನುವ ಹಠ ಬೇಡ. ಅದು ಇನ್ನೂ 38 ಕಿ.ಮೀ., ಅದೂ ರಾಷ್ಟ್ರೀಯ ಹೆದ್ದಾರಿ 75ರಲ್ಲಿ. ಎದುರು ಗಾಳಿ, ಕಣ್ಣಿಗೆ ನೇರ ಹೊಡೆಯುವ ಇಳಿಬಿಸಿಲು, ಬೆನ್ನ ಹಿಂದೆ ಮಂಗಳೂರಿಗೆ ಹೋಗುವ ಲಾರಿಗಳು. ಆ ಹೊತ್ತಿನಲ್ಲಿ ಆ ರಸ್ತೆ ಸೈಕಲ್ಲಿನವರದ್ದಲ್ಲ.

• ಬೆಳಕು ಹರಿಯುತ್ತಿದ್ದಂತೆ ಹೊರಡು. ಆ ಹೊತ್ತಿಗೆ ಡೈರಿಗೆ ಹಾಲು ಹಾಕುವವರು ಕ್ಯಾನು ಹಿಡಿದು ರಸ್ತೆಗೆ ಬಂದಿರುತ್ತಾರೆ. ಹಳ್ಳಿ ಬಂತು ಅಂದರೆ ಬೆಲ್ ಹೊಡಿ, ನಾಚಿಕೊಳ್ಳಬೇಡ.

• ಗೊರೂರಿಗೆ ಹೋಗುವ ದಾರಿಯಲ್ಲೇ ಶೆಟ್ಟಿಹಳ್ಳಿಗೆ ತಿರುಗುವ ರಸ್ತೆ ಸಿಗುತ್ತೆ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಚರ್ಚು ಈಗ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ ಸುತ್ತ ಓಡಾಡಬಹುದು, ಮಳೆಗಾಲದಲ್ಲಿ ಮುಕ್ಕಾಲು ಭಾಗ ಮುಳುಗಿರುತ್ತೆ. ವರ್ಷವರ್ಷ ನೆನೆದು ಒಣಗಿ ಗೋಡೆಗಳು ಸಡಿಲವಾಗಿವೆ. ದಂಡೆಯಲ್ಲೇ ನಿಂತು ನೋಡು, ಒಳಗೆ ಹೋಗಬೇಡ, ಫೋಟೋಕ್ಕಾಗಿ ಸೈಕಲ್ಲನ್ನು ಗೋಡೆಗೆ ಒರಗಿಸಬೇಡ. ಮಳೆಗಾಲದಲ್ಲಿ ದಂಡೆಯ ಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಬ್ರೇಕು ಹಿಡಿಯೋದಿಲ್ಲ. ಅಲ್ಲೇ ಕಡ್ಡಿ ತಗೊಂಡು ಕೆರೆದು ಹತ್ತು.

• ಗೊರೂರಿನಲ್ಲಿ ಡ್ಯಾಮು ನೋಡಿ ತಿರುಗಿ ಬಂದುಬಿಡುವವರೇ ಹೆಚ್ಚು. ಊರೊಳಗೆ ಹೋಗು. ಹೊಳೆ ದಂಡೆಯಲ್ಲಿ ಯೋಗಾನರಸಿಂಹನ ಗುಡಿ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹುಟ್ಟಿದ ಊರು ಅದು. ಅವರ ‘ಹಳ್ಳಿಯ ಚಿತ್ರಗಳು’ ಓದದೆ ಅಲ್ಲಿಗೆ ಹೋದರೆ ನನ್ನ ಮೊಮ್ಮಗಳು ಅಂತ ಎಲ್ಲೂ ಹೇಳಿಕೊಳ್ಳಬೇಡ. ಕ್ರೆಸ್ಟ್ ಗೇಟ್ ತೆಗೆದ ದಿನ ಡ್ಯಾಮಿನ ಕೆಳಗೆ ಹೊಳೆಗೆ ಇಳಿಯಲೇಬೇಡ.

• ಬುತ್ತಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ಸಂಜೆವರೆಗೂ ಕೆಡೋದಿಲ್ಲ. ಹೋಟೆಲಿನಲ್ಲಿ ಪೂರಿ ತಿಂದು ಪೆಡಲ್ ತುಳಿಯಬೇಡ, ಮುಂದಿನ ಏರಿನಲ್ಲೇ ಎದೆಗೆ ಬರುತ್ತೆ. ಬಾಯಾರಿಕೆ ಆಗುವ ಮೊದಲೇ ನೀರು ಕುಡಿ. ಹೊಳೆನರಸೀಪುರ ದಾಟಿದ ಮೇಲೆ ತೆಂಗಿನ ತೋಟಗಳ ಸೀಮೆ, ಎಳನೀರಿಗೆ ಬರವಿಲ್ಲ.

• ಪಂಚರ್ ವಿಷಯ. ನಮ್ಮ ಕಾಲದಲ್ಲಿ ಊರಿಗೊಂದು ಸೈಕಲ್ ಶಾಪು ಇತ್ತು. ಈಗ ಇರೋದೆಲ್ಲ ಬೈಕಿನ ಪಂಚರ್ ಅಂಗಡಿ. ನಿನ್ನ ಗೇರ್ ಸೈಕಲ್ಲಿನ ಕಡ್ಡಿಯಂಥ ವಾಲ್ವಿಗೆ ಅವರ ಗಾಳಿ ಪೈಪು ಕೂರೋದಿಲ್ಲ, ಆ ಅಳತೆಯ ಟ್ಯೂಬೂ ಸಿಗೋದಿಲ್ಲ. ಆದ್ದರಿಂದ ಎರಡು ಟ್ಯೂಬು, ಕೈಪಂಪು, ಟೈರ್ ಬಿಚ್ಚುವ ಲಿವರು, ಸಲ್ಯೂಷನ್ನು ಬ್ಯಾಗಿನಲ್ಲಿರಲಿ. ಜಾಲಿ ಮುಳ್ಳು ಚುಚ್ಚಿದ್ದರೆ ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಕೀಳು. ಇಲ್ಲದಿದ್ದರೆ ಎರಡನೇ ಟ್ಯೂಬೂ ಹೋಯಿತು. ತೀರಾ ಕೈಕೊಟ್ಟರೆ ಬಸ್ಸಿನ ಆಸೆ ಬಿಡು. ಮೇಲೆ ಕಟ್ಟುವ ಕಾಲ ಹೋಯಿತು. ಲಗೇಜ್ ಆಟೋ ಹಿಡಿ.

• ಸುಗ್ಗಿಯಲ್ಲಿ ಹೋದರೆ ಹುರುಳಿಯ ಮೇಲೆ ಕಣ್ಣಿಡು. ರಾಗಿ, ಹುರುಳಿ ಎರಡನ್ನೂ ಡಾಂಬರಿನ ಮೇಲೆ ಹರಡಿ, ಬಸ್ಸು ಲಾರಿಗಳ ಕೈಲೇ ಒಕ್ಕಣೆ ಮಾಡಿಸುತ್ತಾರೆ. ರಾಗಿ ತೆನೆ ಪರವಾಗಿಲ್ಲ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತೆ, ಕಾಳು ಚಕ್ರವನ್ನು ಜಾರಿಸುತ್ತೆ. ಒಮ್ಮೆ ನಾನು ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟಿನ ಸಮೇತ ಚರಂಡಿಗೆ ಬಿದ್ದಿದ್ದೆ. ಹುರುಳಿ ಹಾಕಿದ್ದ ಯಜಮಾನ ಓಡಿ ಬಂದ, ನನ್ನನ್ನು ಎತ್ತುವುದಕ್ಕಲ್ಲ, ಕಾಳು ಗುಡಿಸುವುದಕ್ಕೆ. ಇಳಿದು ತಳ್ಳಿಕೊಂಡು ಹೋದರೆ ಮಾನ ಹೋಗೋದಿಲ್ಲ.

• ನಾಯಿ ಅಟ್ಟಿಸಿಕೊಂಡು ಬಂದರೆ ಸ್ಪೀಡು ಹೆಚ್ಚಿಸಬೇಡ. ಇಳಿ, ಸೈಕಲ್ ಅಡ್ಡ ಇಟ್ಟುಕೊಂಡು ನಡಿ. ಆರು ಹೆಜ್ಜೆಗೆ ಅದಕ್ಕೆ ಬೇಜಾರಾಗುತ್ತೆ.

• ಹೆಣ್ಣುಮಗಳು ಒಬ್ಬಳೇ ಅಂತ ನಿಮ್ಮಜ್ಜಿಗೆ ದಿಗಿಲು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿ ರಸ್ತೆಯಲ್ಲಿ ಹುಡುಗಿ ಸೈಕಲ್ ತುಳಿಯುವುದು ಯಾರಿಗೂ ವಿಶೇಷವಲ್ಲ. ವಿಶೇಷ ಅನ್ನಿಸೋದು ನಿನ್ನ ಹೆಲ್ಮೆಟ್ಟು. “ಯಾವೂರವ್ವ? ಯಾರ ಮಗಳು?” ಅಂತ ಕೇಳೇ ಕೇಳುತ್ತಾರೆ. ಸುಮ್ಮನೆ ತಿರುಗಾಟಕ್ಕೆ ಬಂದೆ ಅಂದರೆ ಯಾರೂ ನಂಬೋದಿಲ್ಲ. ಚನ್ನರಾಯಪಟ್ಟಣದಲ್ಲಿ ಚಿಕ್ಕಮ್ಮ ಕಾಯ್ತಿದ್ದಾರೆ ಅನ್ನು. ದಾರಿಯನ್ನೂ ಹೇಳುತ್ತಾರೆ, ಮಜ್ಜಿಗೆಯನ್ನೂ ಕೊಡುತ್ತಾರೆ.

• ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗಳು 1878ರಲ್ಲೇ ಸಂಘ ಕಟ್ಟಿಕೊಂಡು, ಸೈಕಲ್ಲಿನವರಿಗೆ ಊಟ ವಸತಿ ಸಿಗುವ ಹೋಟೆಲುಗಳ ಗೋಡೆಗೆ ರೆಕ್ಕೆಯ ಚಕ್ರದ ಫಲಕ ಹಾಕಿಸಿದ್ದರು. ನಮ್ಮಲ್ಲಿ ಫಲಕ ಹುಡುಕಬೇಡ. ಅರಳಿಕಟ್ಟೆ ಪಕ್ಕದ ಟೀ ಅಂಗಡಿಯೇ ನಮಗೆ ಅದು. ಮುಂದೆ ಸೇತುವೆ ಕೆಲಸ ನಡೀತಿದೆಯೋ, ರಸ್ತೆ ಅಗೆದಿದ್ದಾರೋ, ಮಲ್ಲಿಪಟ್ಟಣದ ಕಡೆ ಕಾಡಾನೆ ಬಂದಿದೆಯೋ, ಎಲ್ಲ ಅಲ್ಲೇ ಕೇಳು. ಮೊಬೈಲ್ ಮ್ಯಾಪಿಗೆ ಆನೆ ಕಾಣೋದಿಲ್ಲ.

• ಬಿಸಿಲು ನೆತ್ತಿಗೆ ಬಂದಾಗ ಹೊಳೆನರಸೀಪುರದಲ್ಲಿ ಎರಡು ಗಂಟೆ ಇಳಿ. ಲಕ್ಷ್ಮೀನರಸಿಂಹನ ದೇವಸ್ಥಾನದಲ್ಲಿ ಕಾಲು ಚಾಚಿ ಕೂತುಕೋ. ಪಾದದ ಸೆಳೆತ ಅಲ್ಲೇ ಇಳಿಯುತ್ತೆ.

• ಶ್ರವಣಬೆಳಗೊಳ ಮರುದಿನಕ್ಕಿರಲಿ. 90 ಕಿ.ಮೀ. ತುಳಿದ ಕಾಲಿನಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಇಳಿಯುವಾಗ ಮಂಡಿ ಮಾತು ಕೇಳೋದಿಲ್ಲ. ಗೊಮ್ಮಟ 981ರಿಂದ ನಿಂತಿದ್ದಾನೆ, ಇನ್ನೊಂದು ರಾತ್ರಿ ಕಾಯುತ್ತಾನೆ.

• ಚಿಕ್ಕಮ್ಮನ ಮನೆ ಸೇರಿದ ಕೂಡಲೇ ಫೋನ್ ಮಾಡು. ಬುತ್ತಿ ಡಬ್ಬಿ ಅಲ್ಲೇ ಮರೆತು ಬರಬೇಡ, ಅದು ನಿಮ್ಮಜ್ಜಿಯದು.