ಸ್ವಯಂಸೇವಾ ಸಂಸ್ಥೆಗಳಿಗೆ ಸಹಾಯಾನುದಾನ: ಅರ್ಹತೆ ಮತ್ತು ಹೊಣೆ

ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸಗಳ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿದ ಕನ್ನಡಿಗರು ತಾವು ಹೋದೆಡೆಯಲ್ಲೆಲ್ಲ ಸಂಘಗಳನ್ನು ಕಟ್ಟಿ ಬೆಳೆಸಿದ್ದಾರೆ. ಮುಂಬಯಿಯ ಮೈಸೂರು ಅಸೋಸಿಯೇಷನ್ 1926ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಗ್ರಂಥಾಲಯ, ನಾಟಕ, ಸಂಗೀತ, ಕನ್ನಡ ತರಗತಿ ಮುಂತಾದ ಕಾರ್ಯಗಳನ್ನು ಇಂತಹ ಸಂಘಗಳು ಬಹುಮಟ್ಟಿಗೆ ಸದಸ್ಯರ ವಂತಿಗೆ ಹಾಗೂ ದಾನಿಗಳ ಔದಾರ್ಯದಿಂದ ನಡೆಸಿಕೊಂಡು ಬಂದಿವೆ. ಸಾರ್ವಜನಿಕ ನಿಧಿಯಿಂದಲೂ ಇವಕ್ಕೆ ನೆರವು ದೊರೆಯಲು ಅವಕಾಶವಿದೆ. ಆದರೆ ಅದಕ್ಕೆ ಬೇಕಾದ ಅರ್ಹತೆಯನ್ನು ಅರ್ಜಿ ಸಲ್ಲಿಸುವ ದಿನ ಸಂಪಾದಿಸಲಾಗದು. ಅದು ಹಲವು ವರ್ಷಗಳ ಶಿಸ್ತಿನ ಫಲ.

ಸಹಾಯಾನುದಾನದ ಸ್ವರೂಪ

ಸಹಾಯಾನುದಾನವು ದಾನವೂ ಅಲ್ಲ, ಸಾಲವೂ ಅಲ್ಲ. ಗೊತ್ತುಪಡಿಸಿದ ಕಾರ್ಯಕ್ಕಾಗಿ, ಗೊತ್ತುಪಡಿಸಿದ ಷರತ್ತುಗಳ ಮೇಲೆ ನೀಡಲಾಗುವ ಸಾರ್ವಜನಿಕ ಹಣ ಅದು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017 ಇದರ ಮಂಜೂರಾತಿ ಮತ್ತು ಲೆಕ್ಕದ ವಿಧಾನವನ್ನು ನಿಗದಿಪಡಿಸಿವೆ.

ಸ್ವಯಂಸೇವಾ ಸಂಸ್ಥೆಗಳಿಗೆ ನೆರವು ನೀಡುವ ಪದ್ಧತಿ ಹೊಸದಲ್ಲ. 1953ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಗೆ ದುರ್ಗಾಬಾಯಿ ದೇಶಮುಖ್ ಅವರು ಪ್ರಥಮ ಅಧ್ಯಕ್ಷೆಯಾಗಿದ್ದರು. ಮಹಿಳೆಯರ ಮತ್ತು ಮಕ್ಕಳ ಕಲ್ಯಾಣಕ್ಕಾಗಿ ದುಡಿಯುವ ಸಂಸ್ಥೆಗಳಿಗೆ ದಶಕಗಳ ಕಾಲ ನೆರವು ನೀಡಿದ ಈ ಮಂಡಳಿಯನ್ನು 2023ರಲ್ಲಿ ಮುಚ್ಚಲಾಯಿತು. ಯೋಜನೆಗಳು ಬರುತ್ತವೆ, ಹೋಗುತ್ತವೆ. ಆದುದರಿಂದ ಹಳೆಯ ಸುತ್ತೋಲೆಯನ್ನು ನಂಬದೆ, ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಸಿದ್ಧಪಡಿಸಬೇಕು.

ನೆರವಿನ ಮುಖ್ಯ ಮೂಲಗಳು

1. ಕೇಂದ್ರ ಸಂಸ್ಕೃತಿ ಸಚಿವಾಲಯವು ತನ್ನ ಕಲಾ ಸಂಸ್ಕೃತಿ ವಿಕಾಸ ಯೋಜನೆಯಡಿ ನಾಟಕ, ನೃತ್ಯ, ಸಂಗೀತ, ವಿಚಾರ ಸಂಕಿರಣ, ಉತ್ಸವ ಮೊದಲಾದವುಗಳಿಗೆ ನೆರವು ನೀಡುತ್ತದೆ.

2. ಕೋಲ್ಕತ್ತಾದಲ್ಲಿರುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು 1972ರಲ್ಲಿ ಸ್ಥಾಪಿತವಾಗಿದ್ದು, ಸಾರ್ವಜನಿಕ ಗ್ರಂಥಾಲಯಗಳ ಬೆಳವಣಿಗೆಗೆ ನೆರವಾಗುತ್ತದೆ.

3. ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಾಂಸ್ಕೃತಿಕ ಸಂಘಗಳಿಗೆ ಧನಸಹಾಯ ನೀಡುತ್ತದೆ. ಗಡಿ ಭಾಗದ ಕನ್ನಡ ಸಂಸ್ಥೆಗಳು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಪ್ರಕಟಣೆಗಳನ್ನೂ ಗಮನಿಸಬೇಕು.

4. ಕಂಪನಿಗಳ ಅಧಿನಿಯಮ, 2013ರ ಮೇರೆಗೆ ನಿಗದಿತ ಮಿತಿಯನ್ನು ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಇದು ಸರ್ಕಾರದ ಹಣವಲ್ಲವಾದರೂ ಇದನ್ನು ಪಡೆಯಲು ಸಂಸ್ಥೆಗೆ ಪ್ರತ್ಯೇಕ ನೋಂದಣಿ ಅಗತ್ಯ.

ಹೊರದೇಶದ ಹಣದ ಬಗ್ಗೆ ವಿಶೇಷ ಎಚ್ಚರ ಬೇಕು. ವಿದೇಶದಲ್ಲಿರುವ ಭಾರತೀಯ ಪ್ರಜೆಯು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣವು ವಿದೇಶಿ ವಂತಿಗೆ ಎನಿಸದು. ಅದೇ ವ್ಯಕ್ತಿ ಅನ್ಯದೇಶದ ಪೌರತ್ವ ಪಡೆದಿದ್ದಲ್ಲಿ, ವಿದೇಶಿ ವಂತಿಗೆ ನಿಯಂತ್ರಣ ಅಧಿನಿಯಮ, 2010ರ ಮೇರೆಗೆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅವನಿಂದ ಸಂಘವು ಹಣ ಸ್ವೀಕರಿಸುವಂತಿಲ್ಲ.

ಅರ್ಹತೆಯ ಸಿದ್ಧತೆ

ನೋಂದಣಿಯೇ ಮೊದಲ ಮೆಟ್ಟಿಲು. ದೆಹಲಿಯಲ್ಲಿ ಸಂಘಗಳ ನೋಂದಣಿ ಅಧಿನಿಯಮ, 1860 ಹಾಗೂ ಚೆನ್ನೈಯಲ್ಲಿ ತಮಿಳುನಾಡಿನ 1975ರ ಅಧಿನಿಯಮ ಅನ್ವಯಿಸುತ್ತವೆ. ಮುಂಬಯಿ, ಪುಣೆಗಳಲ್ಲಿ ಧರ್ಮಾರ್ಥ ಉದ್ದೇಶದ ಸಂಘವು 1860ರ ಅಧಿನಿಯಮದ ಜೊತೆಗೆ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸಗಳ ಅಧಿನಿಯಮದ ಮೇರೆಗೂ ನೋಂದಾಯಿತವಾಗಬೇಕು. ಅಲ್ಲಿ ಪದಾಧಿಕಾರಿಗಳು ಬದಲಾದಾಗ 90 ದಿನಗಳೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆಯ ವರದಿ ಸಲ್ಲಿಸತಕ್ಕದ್ದು. ಈ ವರದಿ ಸಲ್ಲದಿದ್ದಲ್ಲಿ ದಾಖಲೆಯಲ್ಲಿ ಹಳೆಯ ಸಮಿತಿಯೇ ಉಳಿಯುತ್ತದೆ. ನಿಜವಾಗಿ ದುಡಿಯುತ್ತಿರುವವರ ಸಹಿಗೆ ಬೆಲೆ ಬಾರದು.

ಕೇಂದ್ರದ ನೆರವನ್ನು ಬಯಸುವ ಸಂಸ್ಥೆಯು ನೀತಿ ಆಯೋಗದ ದರ್ಪಣ್ ವ್ಯವಸ್ಥೆಯಲ್ಲಿ ಹೆಸರು ದಾಖಲಿಸಿ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪಡೆದಿರಬೇಕು. ಅರ್ಜಿಯೊಂದಿಗೆ ಸಂಸ್ಥೆಯ ನಿಯಮಾವಳಿ, ಪರಿಶೋಧಿತ ಲೆಕ್ಕಪತ್ರ, ಆದಾಯ ವೆಚ್ಚಗಳ ವಿವರ ಇರಬೇಕು. ಅದೇ ಕಾರ್ಯಕ್ಕೆ ಬೇರೆ ಇಲಾಖೆಯಿಂದ ಅನುದಾನ ಕೇಳಿದ್ದಲ್ಲಿ ಅಥವಾ ಪಡೆದಿದ್ದಲ್ಲಿ ಮರೆಮಾಚದೆ ತಿಳಿಸಬೇಕು. ಹಲವು ಯೋಜನೆಗಳು ಹಿಂದಿನ 3 ವರ್ಷಗಳ ಲೆಕ್ಕವನ್ನು ಕೇಳುತ್ತವೆ. ಮೂರು ವರ್ಷಗಳ ರಸೀದಿಗಳನ್ನೂ ನಡವಳಿಗಳನ್ನೂ ಒಂದು ವಾರದಲ್ಲಿ ಸೃಷ್ಟಿಸಲಾಗದು.

ಮಂಜೂರಾದ ನಂತರದ ಹೊಣೆ

ಅನುದಾನ ಬಿಡುಗಡೆಗೆ ಮುನ್ನ ಸರ್ಕಾರೇತರ ಸಂಸ್ಥೆಯ ಕಾರ್ಯಕಾರಿ ಸಮಿತಿಯ ಸದಸ್ಯರು ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಬದ್ಧರೆಂದು ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಷರತ್ತು ಮೀರಿದಲ್ಲಿ ಹಣವನ್ನು ವರ್ಷಕ್ಕೆ ಶೇಕಡ 10ರ ಬಡ್ಡಿಯೊಡನೆ ಹಿಂದಿರುಗಿಸಬೇಕು. ಅಂದರೆ ಹೊಣೆಯು ಕಾರ್ಯದರ್ಶಿಯೊಬ್ಬರದಲ್ಲ. ಓದದೆ ಸಹಿ ಹಾಕಿದ ಸದಸ್ಯರದೂ ಹೌದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ನಾಟಕೋತ್ಸವಕ್ಕೆಂದು ಸಂಘವೊಂದಕ್ಕೆ ರೂ. 3,00,000 ಬಂದಿತೆನ್ನೋಣ. ಉತ್ಸವಕ್ಕೆ ತಗುಲಿದ ವೆಚ್ಚ ರೂ. 2,60,000, ಹಣ ಬ್ಯಾಂಕಿನಲ್ಲಿದ್ದಾಗ ಬಂದ ಬಡ್ಡಿ ರೂ. 2,000. ಉಳಿದ ರೂ. 40,000ದಿಂದ ಗ್ರಂಥಾಲಯಕ್ಕೆ ಕಪಾಟು ಕೊಳ್ಳುವುದು ಸದುದ್ದೇಶವೇ ಆದರೂ ನಿಯಮಬಾಹಿರ. ಉಳಿಕೆ ಮತ್ತು ಬಡ್ಡಿ ಸೇರಿ ರೂ. 42,000ವನ್ನು ಸರ್ಕಾರಕ್ಕೆ ಮರಳಿಸಬೇಕು. ಅನುದಾನದಿಂದ ಕೊಂಡ ಸ್ಥಿರ ವಸ್ತುಗಳನ್ನು ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ.

ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಹಣ ಬಳಕೆ ಪ್ರಮಾಣಪತ್ರವನ್ನು ಸಲ್ಲಿಸಬೇಕು. ವರ್ಷ ವರ್ಷವೂ ಬರುವ ಅನುದಾನವಾದಲ್ಲಿ ಹಿಂದಿನ ವರ್ಷದ ಪ್ರಮಾಣಪತ್ರ ಸಲ್ಲಿಸಿದ ನಂತರವೇ ಮುಂದಿನ ವರ್ಷದ ಹಣ ಬಿಡುಗಡೆಯಾಗುತ್ತದೆ. ಕೆಲಸವು ಉತ್ತಮವಾಗಿ ನಡೆದಿದ್ದರೂ ಈ ಒಂದು ಪತ್ರದ ಕೊರತೆಯಿಂದ ನೆರವು ನಿಂತುಹೋಗಬಹುದು.

ಸಂಘಗಳು ಈಗಲೇ ಮಾಡಬೇಕಾದುದು

ಅ) ನಿಯಮಾವಳಿ, ನೋಂದಣಿ ಪತ್ರಗಳನ್ನು ಕಚೇರಿಯಲ್ಲಿಯೇ ಇಡುವುದು, ಪದಾಧಿಕಾರಿಯ ಮನೆಯಲ್ಲಿ ಬಿಡದಿರುವುದು.

ಆ) ಪ್ರತಿ ಸಭೆಯ ನಡವಳಿಯನ್ನು ಬರೆದು ಸಹಿ ಪಡೆಯುವುದು.

ಇ) ಪ್ರತಿವರ್ಷ ತಪ್ಪದೆ ಲೆಕ್ಕಪರಿಶೋಧನೆ ಮಾಡಿಸುವುದು.

ಈ) ಪ್ರತಿ ಅನುದಾನಕ್ಕೂ ಪ್ರತ್ಯೇಕ ಲೆಕ್ಕ ಹಾಗೂ ರಸೀದಿಗಳ ಕಡತವನ್ನು ಇಡುವುದು.

ಉ) ಸಮಿತಿ ಬದಲಾದಾಗ ಲೆಕ್ಕಪತ್ರಗಳನ್ನು ಪಟ್ಟಿ ಮಾಡಿ ಹೊಸಬರಿಗೆ ಒಪ್ಪಿಸುವುದು.

ಪರಸ್ಥಳದಲ್ಲಿ ಕನ್ನಡದ ಪುಸ್ತಕಗಳನ್ನೂ ರಂಗಭೂಮಿಯನ್ನೂ ಉಳಿಸಿದವರು ಹಿರಿಯ ತಲೆಮಾರಿನ ಸ್ವಯಂಸೇವಕರು. ಅವರ ಶ್ರಮ ಮುಂದಿನವರಿಗೆ ದಕ್ಕಬೇಕಾದರೆ ಉತ್ಸಾಹದಷ್ಟೇ ಲೆಕ್ಕಪುಸ್ತಕವೂ ಮುಖ್ಯ. ಲೆಕ್ಕ ಚೊಕ್ಕವಾಗಿರುವ ಚಿಕ್ಕ ಸಂಘವೂ ಸಾರ್ವಜನಿಕ ನೆರವನ್ನು ಹಕ್ಕಿನಿಂದ ಕೇಳಬಹುದು.